ಎರಡು ಬೆರಳು ಎಡಕ್ಕೆ

ಮಾಕಳಿದುರ್ಗದ ಬೆಟ್ಟವನ್ನು ಎರಡು ಬೆರಳಿನಷ್ಟು ಎಡಕ್ಕೆ ಸರಿಸಿದವನು ಉಮಾಶಂಕರ್. ನಂಬದವರು ದೊಡ್ಡಬಳ್ಳಾಪುರದಲ್ಲಿ ರೈಲು ಹತ್ತಿ ಕಿಟಕಿ ಪಕ್ಕ ಕೂತು ಕಣ್ಣಾರೆ ನೋಡಿಕೊಳ್ಳಬಹುದು. ಕೋಟೆಯ ಗೋಡೆ ಮೊದಲಿದ್ದ ಕಡೆ ಈಗ ಇಲ್ಲ. ಯಾರದೋ ಗೃಹಪ್ರವೇಶದ ಪತ್ರಿಕೆಗೆ ಹಿನ್ನೆಲೆಯಾಗಿ ಬೆಟ್ಟದ ಫೋಟೋ ಹಾಕಿದ್ದ, ಬೆಟ್ಟದ ತುದಿ ಗಣಪತಿಯ ಕಿವಿಗೆ ತಾಗುತ್ತಿತ್ತು, ಇವನು ಮೌಸ್ ಹಿಡಿದು ಒಂದಿಷ್ಟು ಎಳೆದು ಬಿಟ್ಟ, ಅಷ್ಟೆ. ಮಾರನೆಯ ದಿನ ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗರು ದಾರಿ ತಪ್ಪಿ ಘಾಟಿ ಕಡೆ ಇಳಿದು, ಸುಬ್ರಹ್ಮಣ್ಯನಿಗೆ ಕೈಮುಗಿದು ಬಸ್ಸು ಹತ್ತಿಕೊಂಡು ಹೋದರು. ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ತನ್ನ ಡಿಟಿಪಿ ಅಂಗಡಿಗೆ ಕಾಲಿಟ್ಟ ಪ್ರತಿಯೊಬ್ಬರಿಗೂ ಉಮಾಶಂಕರ್ ಈ ಕಥೆ ಹೇಳಿದ್ದಾನೆ. ಕೇಳಿದವರು ನಕ್ಕಷ್ಟೂ ಬೆಟ್ಟ ಇನ್ನೊಂದು ಕೂದಲೆಳೆ ಸರಿಯುತ್ತಿತ್ತು. ಇಡೀ ಜಿಲ್ಲೆಯಲ್ಲಿ ಪುಟ ಕಟ್ಟುವ ವಿದ್ಯೆ ತಿಳಿದವನು ತಾನೊಬ್ಬನೇ, ಮಿಕ್ಕವರು ಅಕ್ಷರ ಚೆಲ್ಲುವವರು. ತಾನು ಕುರ್ಚಿಯ ಮೇಲೆ ಕೂತರೆ ಅಕ್ಷರಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ತಾವೇ ಸಾಲಾಗುತ್ತವೆ. ಕಂಪ್ಯೂಟರು ಕೆಟ್ಟರೆ ತಾನು ಒಮ್ಮೆ ಕೆಮ್ಮಿದರೆ ಸಾಕು.

ಇವತ್ತು ಬೆಳಿಗ್ಗೆಯಿಂದ ಅವನು ಒಂದು ಗೆರೆಯನ್ನೂ ಸರಿಸಿರಲಿಲ್ಲ. ಪರದೆಯ ಮೇಲೆ ಯಾರದೋ ನಾಮಕರಣದ ಪತ್ರಿಕೆ ತೆರೆದುಕೊಂಡಿತ್ತು, ತೊಟ್ಟಿಲ ಚಿತ್ರದ ಕೆಳಗೆ ಕರ್ಸರ್ ಮಿಟುಕುತ್ತಿತ್ತು. ಅದನ್ನೇ ನೋಡುತ್ತಾ ಕೂತವನಿಗೆ ಯಾರೋ ಎದುರಿಗೆ ಕೂತು, ಏನೂ ಅನ್ನದೆ, ಬರೀ ಕಣ್ಣು ಮಿಟುಕಿಸುತ್ತಾ ತನ್ನ ಬಾಯಿಂದ ಏನಾದರೂ ಹೊರಡಲಿ ಎಂದು ಕಾಯುತ್ತಿದ್ದಾರೆ ಅನ್ನಿಸಿತು. ಗೋಡೆಯಾಚೆ ವಿದ್ಯುತ್ ಮಗ್ಗಗಳು ಒಂದೇ ಸಮ ಬಡಿಯುತ್ತಿದ್ದವು. ಆ ಸದ್ದು ಇಷ್ಟು ವರ್ಷ ಕಿವಿಗೆ ಬಿದ್ದೇ ಇರಲಿಲ್ಲ. ಇವತ್ತು ಪ್ರತಿ ಬಡಿತವೂ ಬೇರೆಬೇರೆಯಾಗಿ ಬಂದು ಬೆನ್ನಿಗೆ ತಾಗುತ್ತಿತ್ತು. ಅಂಗಡಿ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೇ ಹೆಂಡತಿ ಅನಸೂಯ ಫೋನ್ ಮಾಡಿದ್ದಳು.

"ರೀ, ಪಿಳ್ಳಣ್ಣ ಭಾವ ಫೋನ್ ಮಾಡಿದ್ರು. ಅಕ್ಕ ಬಸ್ ಹತ್ತಿದ್ದಾರಂತೆ. ಮನೆಗಲ್ವಂತೆ, ಅಂಗಡಿಗಂತೆ."

"ಬರ್ಲಿ ಬಿಡು. ಸೀರೆ ಗೀರೆ ತಗೊಳ್ಳೋದಿರ್ಬೇಕು."

"ಪತ್ರಿಕೆ ಹಿಡ್ಕೊಂಡು ಹೊರಟ್ಲು ಅಂದ್ರು ಭಾವ." ಅನಸೂಯ ದನಿ ತಗ್ಗಿಸಿ, "ನಾನು ಏನೂ ಹೇಳಿಲ್ಲ ಕಣ್ರೀ, ದೇವ್ರಾಣೆ," ಎಂದಳು.

ಮಗಳು ಕೀರ್ತನಳ ಮದುವೆ ಭಾನುವಾರ. ಶುಕ್ರವಾರ ಅರಿಶಿನ ಶಾಸ್ತ್ರ. ಅವರ ಮನೆಯಲ್ಲಿ ಮದುವಣಗಿತ್ತಿಯ ಕೆನ್ನೆಗೆ ಮೊದಲು ಅರಿಶಿನ ಮುಟ್ಟಿಸುವುದು ಸೋದರತ್ತೆಯ ಕೈ. ಆ ಕೈ ಬಂದ ಮೇಲೇ ಮಿಕ್ಕವರ ಕೈ. ಕೀರ್ತನಳಿಗೆ ಇರುವ ಸೋದರತ್ತೆ ಒಬ್ಬಳೇ, ಉಮಾಶಂಕರನ ಅಕ್ಕ ಪಾಪಕ್ಕ. ಅಚ್ಚಾಗಿ, ಹಂಚಿ, ಊರೂರು ಸುತ್ತಿ ಬಂದ ಲಗ್ನಪತ್ರಿಕೆಯಲ್ಲಿ ಇಲ್ಲದ ಸಾಲೂ ಒಂದೇ, ಅವಳದು ಮತ್ತು ಅವಳ ಗಂಡ ಪಿಳ್ಳಣ್ಣನದು.

ಈ ಸೀಮೆಯಲ್ಲಿ ಮದುವೆ ಪತ್ರಿಕೆಯನ್ನು ಮುಹೂರ್ತ ನೋಡಲು ಯಾರೂ ಬಿಚ್ಚುವುದಿಲ್ಲ. ಮುಹೂರ್ತ ಎಲ್ಲರಿಗೂ ಮೊದಲೇ ಬಾಯಿಪಾಠ. ಬಿಚ್ಚುವುದು ಕೆಳಗೆ, 'ಸುಖಾಗಮನ ಬಯಸುವವರು' ಎಂಬಲ್ಲಿಂದ ಶುರುವಾಗುವ ಹೆಸರುಗಳನ್ನು ನೋಡಲು. ತನ್ನದು ಎಲ್ಲಿದೆ, ಯಾರ ಕೆಳಗಿದೆ, ತನ್ನ ಓರಗಿತ್ತಿಯದು ಯಾಕೆ ಮೇಲಿದೆ. ಒಂದು ಹೆಸರು ಬಿದ್ದದ್ದಕ್ಕೆ ಒಂದೇ ಗೋಡೆಯ ಎರಡು ಮನೆಗಳು ಬಾಗಿಲಿನ ದಿಕ್ಕನ್ನೇ ಬದಲಾಯಿಸಿಕೊಂಡದ್ದನ್ನು ಉಮಾಶಂಕರ್ ನೋಡಿದ್ದ. ಅದಕ್ಕೇ ಅವನ ದೊಡ್ಡಸ್ತಿಕೆಗಳಲ್ಲೆಲ್ಲ ದೊಡ್ಡದು ಬೆಟ್ಟದ್ದಲ್ಲ, ಹೆಸರಿನದು. ಉಮಾಶಂಕರನ ಕೈಯಲ್ಲಿ ಇವತ್ತಿನವರೆಗೆ ಒಂದು ಹೆಸರು ಬಿದ್ದಿಲ್ಲ. ಬಿದ್ದರೆ ಅವತ್ತೇ ಅಂಗಡಿಗೆ ಬೀಗ ಜಡಿದು ಕೀಲಿಯನ್ನು ನಾಗರಕೆರೆಗೆ ಎಸೆಯುತ್ತೇನೆ ಎಂದು ಅವನು ಗಿರಾಕಿಗಳ ಎದುರು ಮೇಜು ಗುದ್ದಿ ಹೇಳುತ್ತಿದ್ದ. ಈಗೀಗ ಗುದ್ದಿ ಹೇಳಲು ಮೇಜಿನ ಮುಂದೆ ಗಿರಾಕಿಗಳೂ ಕಮ್ಮಿ. ಎಲ್ಲರೂ ಫೋನಿನಲ್ಲೇ ಹೂವು ಉದುರುವ ಪತ್ರಿಕೆ ಮಾಡಿಕೊಂಡು ಫೋನಿನಲ್ಲೇ ಕಳಿಸಿಕೊಳ್ಳುತ್ತಾರೆ. ಅವುಗಳಲ್ಲಿ ಗಂಡು ಹೆಣ್ಣಿನ ಹೆಸರು ಬಿಟ್ಟರೆ ಯಾರ ಹೆಸರೂ ಇರುವುದಿಲ್ಲ, ಯಾರೂ ಜಗಳವಾಡುವುದೂ ಇಲ್ಲ. ಜಗಳವೇ ಆಡದವರಿಗೆ ಉಮಾಶಂಕರ್ ಯಾಕೆ ಬೇಕು?

ಫೋನು ಮತ್ತೆ ಬಡಿದುಕೊಂಡಿತು. ಬೆಚ್ಚಿಬಿದ್ದ. ಅಕ್ಕನಲ್ಲ, ಕೆಂಪರಾಜ್. ಒಂದು ಕಾಲಕ್ಕೆ ಇವನ ಪಕ್ಕ ಕೂತು ಕೆಲಸ ಕಲಿತು ಈಗ ಹೊಸಕೋಟೆಯಲ್ಲಿ ಹಳೇ ಮದ್ರಾಸ್ ರಸ್ತೆಯಲ್ಲಿ ಅಂಗಡಿ ಹಾಕಿಕೊಂಡಿರುವವನು.

"ಗುರೂ, ಒಂದು ತಾಪತ್ರಯ."

"ನಾನು ಬದುಕಿರೋವರ್ಗೂ ನಿಂಗೆ ತಾಪತ್ರಯ ಅನ್ನೋ ಮಾತೇ ಬರ್ಬಾರ್ದು. ಹೇಳ್ಲಾ." ದನಿ ತಾನಾಗಿಯೇ ಎದ್ದು ನಿಂತಿತು. ಅಂಥ ಹೊತ್ತಿನಲ್ಲೂ ಅದು ಎದ್ದು ನಿಲ್ಲುವುದನ್ನು ಕಂಡು ಅವನಿಗೇ ನಾಚಿಕೆಯಾಯಿತು.

"ಫೋಟೋ ಸ್ಕ್ರೀನಲ್ಲಿ ಚೆನ್ನಾಗೈತೆ. ಪ್ರಿಂಟ್ ಹೊಡೆದ್ರೆ ಒಡ್ಕೊಂಡು ಇಟ್ಟಿಗೆ ಇಟ್ಟಿಗೆ ಕಾಣ್ತೈತೆ."

"ಪೆನ್‌ಡ್ರೈವಿಂದ ನೇರ ಪುಟಕ್ಕೆ ಹಾಕಿದ್ಯಾ? ಗಿರಾಕಿ ಪೆನ್‌ಡ್ರೈವ್ ಕಿತ್ಕೊಂಡು ಹೋದ್ನಾ?"

"ನಿಂಗೆ ಹೆಂಗೆ ಗೊತ್ತಾಯ್ತು?"

"ಇಲ್ಲಿಂದ ಕಾಣ್ತೈತೆ ಕಣೋ ನಂಗೆ. ಲೇ, ಫೋಟೋ ಪುಟದೊಳಗೆ ಇರಲ್ಲ. ಫೋಟೋ ಎಲ್ಲೈತೆ ಅನ್ನೋ ದಾರಿ ಮಾತ್ರ ಇರುತ್ತೆ. ನೀನು ನೋಡ್ತಿರೋದು ಬರೀ ನೆರಳು. ಮೊದ್ಲು ಫೋಟೋನ ಕೆಲಸದ ಫೋಲ್ಡರಿಗೆ ಹಾಕ್ಕೋ, ಆಮೇಲೆ ಪುಟಕ್ಕೆ ಹೊಸದಾಗಿ ದಾರಿ ತೋರ್ಸು. ಮೂಲಾನೇ ಮನೆ ಬಿಟ್ಟು ಹೋದ್ಮೇಲೆ ನೆರಳು ಇಟ್ಕೊಂಡು ಏನ್ ಮಾಡ್ತೀಯ?"

"ಹಂಗೇ ಇನ್ನೊಂದು. ಹೆಸ್ರೆಲ್ಲ ಒಳಗೆ ಹಿಡಿಸ್ತಿಲ್ಲ. ಚೌಕದ ಕೆಳಗೆ ಕೆಂಪು ಗುರುತು ಬಂದ್ಬಿಟ್ಟೈತೆ."

ಉಮಾಶಂಕರ್ ಮೌಸಿನಿಂದ ಕೈ ತೆಗೆದ. "ಕೆಂಪು ಗುರುತು ಬಂತು ಅಂದ್ರೆ ಚೌಕ ತುಂಬೈತೆ, ಇನ್ನೂ ಅಕ್ಷರ ಒಳಗೆ ಉಳ್ಕೊಂಡೈತೆ ಅಂತ. ಕೆಳಗಂಚು ಹಿಡಿದು ಎಳಿ, ಆಚೆ ಬರುತ್ತೆ."

"ಎಳೆಯೋಕೆ ಜಾಗ ಇಲ್ಲ ಗುರು. ಕೆಳಗೆ ಗಿಣಿ ಜೋಡಿ ಕೂತೈತೆ."

"ಗಿಣಿ ಹಾರಿಸು. ಗಿಣಿ ಬಂದು ಊಟಕ್ಕೆ ಕೂತ್ಕೊಳುತ್ತಾ? ಸಾಲಿಗೂ ಸಾಲಿಗೂ ಮಧ್ಯದ ಜಾಗ ಒಂಚೂರು ಬಿಗಿ ಮಾಡು. ಆಗ್ಲಿಲ್ವಾ, ಅಕ್ಷರ ಅರ್ಧ ಪಾಯಿಂಟ್ ಇಳ್ಸು, ಯಾರಪ್ಪನ ಕಣ್ಣಿಗೂ ಗೊತ್ತಾಗಲ್ಲ. ಆಗ್ಲೂ ಆಗ್ಲಿಲ್ವಾ, ಅಂಚಿನ ಬಳ್ಳಿ ಕಿತ್ತಾಕು. ನೂರು ದಾರಿ ಐತೆ. ಹೆಸ್ರು ಮಾತ್ರ ಬಿಡ್ಬೇಡ."

"ಅಲ್ಲಿಗಂಟ ಒಂದು ಹೆಸ್ರು ಎಳೆದು ಪುಟದ ಆಚೆ ಇಟ್ಕೊಳ್ಲಾ? ಆಮೇಲೆ ನೋಡಿ ಸೇರಿಸ್ಕೊಂಡ್ರೆ..."

"ಬೇಡ!" ಇಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ಅವನಿಗೆ ಆಮೇಲೆ ತಿಳಿಯಿತು. "ಪುಟದ ಆಚೆ ಇರೋದು ಪ್ರಿಂಟ್ ಆಗಲ್ಲ. ಗೊತ್ತಿಲ್ವಾ ನಿಂಗೆ? ಇಟ್ಟವನು ಮರೀತಾನೆ."

"ಸರಿ ಬಿಡು ಗುರು, ಯಾಕಿಂಗೆ ಉರ್ಕೊಳ್ತೀಯ? ನಿಮ್ ಬೀಗ್ರು ಕಾಂತರಾಜಣ್ಣ ಮಂಡೀಲಿ ಎಲ್ಲಾರ್ಗೂ ನಿನ್ ಪತ್ರಿಕೆ ತೋರಿಸ್ತಾ ಇದ್ದಾರೆ. ಬೆಂಕಿ ಕೆಲ್ಸ." ಕೆಂಪರಾಜ್ ನಕ್ಕು ಫೋನಿಟ್ಟ.

ಕಾಂತರಾಜುವಿನ ನಗು ಕೂಡ ಹಾಗೆಯೇ ಇತ್ತು. ಹೊಸಕೋಟೆಯ ಅವರ ಮನೆಯ ಹಜಾರ, ನಿಶ್ಚಿತಾರ್ಥದ ದಿನ, ಊಟ ಮುಗಿದು ಎಲೆಅಡಿಕೆ ತಟ್ಟೆ ಸುತ್ತುತ್ತಿತ್ತು. ಟೊಮೇಟೊ ಮಂಡಿಯ ಕಾಂತರಾಜು ತನ್ನ ಮಗನ ಪಕ್ಕ ಗೋಡೆಗೆ ಒರಗಿ ಕೂತು, ಬೀಗರ ಕಸುಬು ಎಂಥದ್ದು ಎಂದು ಕೇಳಿದ್ದೇ ತಡ, ಉಮಾಶಂಕರ್ ಶುರುಮಾಡಿದ್ದ. ವಿಧಾನಸೌಧದವರು ಪುಸ್ತಕ ಮಾಡಿಸಬೇಕಾದರೆ ಕಾರು ಕಳಿಸಿ ತನ್ನನ್ನು ಕರೆಸಿಕೊಳ್ಳುತ್ತಾರೆ. ಮುಂಬಯಿಯ ಕಂಪನಿಯವರು ಬಾಗಿಲಿಗೆ ಬಂದು ಗೋಗರೆದರೂ ಊರು ಬಿಡಲಿಲ್ಲ. ತನ್ನ ಕೈಯ ಪುಟವೆಂದರೆ ತಪ್ಪು ಹುಡುಕುವವರೇ ಹುಡುಕಿ ಹುಡುಕಿ ಕಣ್ಣಿನ ಆಪರೇಶನ್ ಮಾಡಿಸಿಕೊಂಡಿದ್ದಾರೆ. ಹೇಳುತ್ತಾ ಹೇಳುತ್ತಾ ಅವನು ನಿಜವಾಗಿಯೂ ಅಷ್ಟೆತ್ತರ ಆಗುತ್ತಿದ್ದ, ಅದು ಅವನಿಗೆ ಮೈಯಲ್ಲಿ ಗೊತ್ತಾಗುತ್ತಿತ್ತು, ಹುಡುಗನ ಕಡೆಯವರು ಮುಂದಕ್ಕೆ ಬಾಗಿ ಕೇಳುತ್ತಿದ್ದರು, ಕೀರ್ತನ ತಲೆತಗ್ಗಿಸಿಕೊಂಡು ಹೆಮ್ಮೆಯಿಂದಲೋ ನಾಚಿಕೆಯಿಂದಲೋ ಸೆರಗಿನ ತುದಿ ಸುತ್ತುತ್ತಿದ್ದಳು. ಆಗ ಹೆಂಗಸರ ಗುಂಪಿನಿಂದ ಪಾಪಕ್ಕ, ಬಾಯ್ತುಂಬ ಎಲೆಅಡಿಕೆ ಇಟ್ಟುಕೊಂಡು, "ಸಾಕು ಬಿಡ್ಲಾ ಶಂಕ್ರ," ಅಂದಳು. "ನಮ್ಮೂರ ಅಪ್ಪಯ್ಯಣ್ಣನ ಮನೆ ಗೃಹಪ್ರವೇಶದ್ದು ಹೇಳು ಮತ್ತೆ? ಊಟ ರಾತ್ರಿಗೆ ಅಂತ ಹಾಕ್ಬುಟ್ಟ ಕಣಣ್ಣ ಇವ್ನು. ಮಧ್ಯಾಹ್ನಕ್ಕೆ ಮಾಡಿದ್ದ ಅಡ್ಗೆ ಎಲ್ಲಾ ದನ ತಿಂದ್ವು. ಅಪ್ಪಯ್ಯಣ್ಣ ದೊಣ್ಣೆ ತಕ್ಕಂಡು ಬಂದ್ರೆ ನಾನೇ ಇವ್ನ ಹುಲ್ಲಿನ ಮೆದೆಯೊಳಗೆ ಬಚ್ಚಿಕ್ಕಿ, ಮೇಲೆ ಕೂತ್ಕಂಡು ಕಂಡಿಕೆ ಸುತ್ತಾ ಇದ್ದೆ. ಒಳಗಿಂದ ಸೀನ್ತಾವ್ನೆ, ನಾನು ಹೊರಗಿಂದ ಸೀನ್ತೀನಿ!"

ಹಜಾರವೇ ಕುಲುಕಿ ನಕ್ಕಿತು. ಕಾಂತರಾಜು ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಬೀಗ್ರೇ, ನಮ್ ಮದುವೆ ಊಟದ ಹೊತ್ತು ಮಾತ್ರ ಸರಿಯಾಗಿ ಹಾಕ್ಸಿ, ನಮ್ಮನೇಲಿ ದನ ಇಲ್ಲ," ಎಂದ. ಮತ್ತೆ ನಗು. ಉಮಾಶಂಕರನೂ ನಕ್ಕ. ನಗುತ್ತಾ ಕೀರ್ತನಳ ಕಡೆ ನೋಡಿದ. ಅವಳು ಹುಡುಗನ ಕಡೆ ತಿರುಗಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಹುಡುಗನೂ ಅವಳ ಕಣ್ಣನ್ನೇ ನೋಡುತ್ತಾ ನಗುತ್ತಿದ್ದ. ಇಬ್ಬರ ನಡುವೆ ಮೊದಲ ಬಾರಿಗೆ ಹುಟ್ಟಿದ ಆ ಸಲುಗೆ ತನ್ನನ್ನು ಹುಲ್ಲಿನ ಮೆದೆಯಲ್ಲಿ ಕೂರಿಸಿ ಹುಟ್ಟಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಪಾಪಕ್ಕ ಅವನ ಭುಜದ ಮೇಲೆ ತಲೆಯಿಟ್ಟು ನಿದ್ದೆಹೋದಳು. ಅವ್ವ ಹೋದ ಮೇಲೆ ಅವನನ್ನು ಸಾಕಿದವಳು ಅವಳು. ಮಗ್ಗದ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಅವಳ ಹೆಬ್ಬೆರಳಿನ ಪಕ್ಕ ಒಂದು ಜಡ್ಡು ಕಟ್ಟಿತ್ತು, ಆ ಜಡ್ಡಿನ ದುಡಿಮೆಯಿಂದಲೇ ಅವನು ಯಲಹಂಕದಲ್ಲಿ ಕಂಪ್ಯೂಟರು ಕಲಿತದ್ದು. ದೇವನಹಳ್ಳಿ ದಾಟುವವರೆಗೂ ಅವನು ಆ ತಲೆಯ ಭಾರವನ್ನು ಹೊತ್ತು ಅಲುಗಾಡದೆ ಕೂತಿದ್ದ. ಅಲುಗಾಡದೆ ಕೂತದ್ದು ಅಕ್ಕರೆಯಿಂದಲ್ಲ ಎಂದು ಈಗ ಅನ್ನಿಸುತ್ತದೆ. ಆಗಲೂ ಅನ್ನಿಸಿತ್ತು.

ಪತ್ರಿಕೆ ಮಾಡಿದ ದಿನ ಏನಾಯಿತೆಂಬುದನ್ನು ಅವನು ಅನಸೂಯಳಿಗೆ ಹೇಗೆ ಹೇಳಿದ್ದನೋ ತನಗೂ ಹಾಗೆಯೇ ಹೇಳಿಕೊಂಡು ಬಂದಿದ್ದ. ಪುಟವೆಲ್ಲ ಸಿದ್ಧವಾಗಿತ್ತು. ಅಚ್ಚಿಗೆ ಕಳಿಸುವ ಹೊತ್ತಿಗೆ ಕಾಂತರಾಜು ತನ್ನ ಕಡೆಯ ಇನ್ನೊಂದಷ್ಟು ಹೆಸರು ಕಳಿಸಿದ. ಅವನ್ನು ತುಂಬುತ್ತಿದ್ದಂತೆ ಚೌಕದ ಕೆಳಗೆ ಕೆಂಪು ಗುರುತು ಬಂತು. ಆ ಗಡಿಬಿಡಿಯಲ್ಲಿ ಒಂದು ಹೆಸರು ಒಳಗೇ ಉಳಿದು ಹೋಯಿತು. ಸಾಫ್ಟ್‌ವೇರ್ ನುಂಗಿಬಿಟ್ಟಿತು. ಹೊಸ ಪತ್ರಿಕೆಯ ಕಟ್ಟು ಬಿಚ್ಚಿದ ಅನಸೂಯ ಹೆಸರುಗಳ ಮೇಲೆ ಬೆರಳಾಡಿಸಿಕೊಂಡು ಬಂದು, "ಅಕ್ಕಂದೆಲ್ಲಿ?" ಎಂದಾಗ ಅವನು ಇಷ್ಟನ್ನೂ ವಿವರಿಸಿದ್ದ, ಕೈಯಾಡಿಸಿ ಚೌಕ ತೋರಿಸಿ. ಅವಳು ಕೇಳಿ, "ತುಳುಕಿದ್ರೆ ಕೊನೇದು ತಾನೆ ತುಳುಕೋದು? ಸೋದರತ್ತೆ ಹೆಸ್ರು ಮೊದ್ಲಲ್ವಾ ಬರೋದು?" ಎಂದಿದ್ದಳು. "ಸಾಫ್ಟ್‌ವೇರ್ ಹಂಗೇನೇ, ನಿಂಗೆ ಅರ್ಥ ಆಗಲ್ಲ," ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ. ಮತ್ತೆ ಅಚ್ಚು ಹಾಕಿಸಲು ಹೊತ್ತಿಲ್ಲ, ಅಕ್ಕನಿಗೆ ಓದಲು ಬರುವುದಿಲ್ಲ, ಸುಮ್ಮನಿದ್ದುಬಿಡುವುದು ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತೀರ್ಮಾನಿಸಿದ್ದರು.

ಅಕ್ಕನನ್ನು ಕರೆಯಲು ಇಬ್ಬರೂ ಊರಿಗೆ ಹೋದಾಗ ಪಾಪಕ್ಕ ಹಸುವಿಗೆ ಹಿಂಡಿ ಕಲೆಸುತ್ತಿದ್ದಳು. ಕೈ ತೊಳೆದು, ಸೆರಗಿಗೆ ಒರೆಸಿ, ಎರಡೂ ಕೈಯಲ್ಲಿ ಪತ್ರಿಕೆ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ನನ್ ಹೆಸ್ರು ಎಲ್ಲೈತ್ಲಾ?" ಎಂದು ಕೇಳಿದಳು. ಉಮಾಶಂಕರ್ ಒಂದು ಗಳಿಗೆಯೂ ತಡೆಯದೆ ಅವಳ ಬೆರಳು ಹಿಡಿದು ಒಂದು ಸಾಲಿನ ಮೇಲಿಟ್ಟು, "ಇಲ್ಲೈತೆ ನೋಡಕ್ಕ, ಎಲ್ಲಾರ್ಗಿಂತ ಮೇಲೆ," ಎಂದ. ಅಲ್ಲಿ ಇದ್ದದ್ದು ಕಾಂತರಾಜುವಿನ ಅತ್ತಿಗೆ ವರಲಕ್ಷ್ಮಮ್ಮನ ಹೆಸರು. ಅನಸೂಯ ತಲೆ ತಗ್ಗಿಸಿಕೊಂಡು ಸೆಗಣಿ ಸಾರಿಸಿದ ನೆಲ ನೋಡುತ್ತಿದ್ದಳು. ಪಾಪಕ್ಕ ಆ ಸಾಲಿನುದ್ದಕ್ಕೂ ಬೆರಳು ಎಳೆದಳು. ಆಮೇಲೆ ಎದ್ದು, ಬಟ್ಟಲಿನಿಂದ ಒಂದು ಚಿಟಿಕೆ ಕುಂಕುಮ ತಂದು ಆ ಹೆಸರಿನ ಪಕ್ಕ ಇಟ್ಟಳು. ಆ ಕೆಂಪು ಬೊಟ್ಟು ಅವನಿಗೆ ಚೌಕದ ಕೆಳಗಿನ ಗುರುತಿನ ಹಾಗೆಯೇ ಕಂಡಿತು. ಇನ್ನೂ ಇದೆ, ಒಳಗೆ ಇನ್ನೂ ಇದೆ ಎಂದು.

"ಏನ್ಲಾ ಶಂಕ್ರ, ಬೆಟ್ಟ ಎಲ್ಲಿಗಂಟ ಹೋಯ್ತು?"

ಪಾಪಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಅಂಗಡಿಗೆ ಬಂದಾಗಲೆಲ್ಲ ಅವಳು ಕೇಳುವ ಮಾತು ಅದು. ಅವನು ದೇವನಹಳ್ಳಿಗಂಟ ಬಂತು ಅಕ್ಕ, ವಿಮಾನಕ್ಕೆ ಅಡ್ಡ ನಿಂತೈತೆ ಎಂದೋ ಏನೋ ಅನ್ನಬೇಕು, ಅವಳು ಥೂ ನಿನ್ನ ಎನ್ನಬೇಕು. ಇವತ್ತು ಅವನು ಕುರ್ಚಿ ಎಳೆದು ಕೊಟ್ಟ. "ಬಾ ಅಕ್ಕ, ಕೂತ್ಕೋ, ಕಾಫಿ ತರಿಸ್ತೀನಿ," ಎಂದ.

"ಕಾಫಿ ಬ್ಯಾಡ." ಅವಳು ಕೂರಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಪತ್ರಿಕೆ ತೆಗೆದು ಕೀಬೋರ್ಡಿನ ಪಕ್ಕ ಇಟ್ಟಳು. ಕುಂಕುಮ ಸ್ವಲ್ಪ ಉದುರಿ ವರಲಕ್ಷ್ಮಮ್ಮನ ಹೆಸರಿನ ಮೇಲೆಲ್ಲ ಹರಡಿತ್ತು. "ಇದು ನನ್ ಹೆಸ್ರಲ್ಲ."

"ಯಾರಂದ್ರು ಅಕ್ಕ?"

"ಯಾರಾದ್ರೂ ಯಾಕನ್ಬೇಕು? ಸಂಘದಲ್ಲಿ ಹೆಬ್ಬೆಟ್ಟು ಒತ್ತಿಸ್ಕಳಲ್ಲ ಕಣ್ಲಾ. ರುಜು ಕಲ್ತು ಬಂದ್ರೇನೇ ಒಳಕ್ಕೆ. ಒಂದು ಸ್ಲೇಟು ಸವೆಸಿವ್ನಿ ಅದ್ಕೆ. ಬ್ಯಾರೆ ಏನೂ ಓದಾಕೆ ಬರಲ್ಲ, ನನ್ ಹೆಸ್ರು ಮಾತ್ರ ಕತ್ತಲಲ್ಲೂ ಗುರ್ತು ಹಿಡೀತೀನಿ."

"ಹಂಗಾದ್ರೆ... ಅವತ್ತೇ..."

"ಅವತ್ತೇ. ನಿನ್ ಹೆಂಡ್ರು ತಲೆ ಎತ್ಲಿಲ್ಲ. ಅವಳ ಎದುರ್ಗೆ ನಿನ್ ಮಾನ ಯಾಕೆ ಕಳೀಲಿ ಅಂತ ಕುಂಕುಮ ಇಟ್ಟೆ. ಯಾರ ಹೆಸ್ರಾದ್ರೇನು, ಯಾರೋ ಮುತ್ತೈದೇದಿರ್ಬೇಕು ಅಂದ್ಕಂಡೆ." ಅವಳು ಉಸಿರು ಬಿಟ್ಟಳು. "ಒಂದೇ ಕೇಳ್ತೀನಿ, ಅದ್ಕೇ ಬಂದಿದ್ದು. ತಾನಾಗಿ ಬಿತ್ತಾ, ನೀನು ಬೀಳ್ಸಿದ್ಯಾ? ತಾನಾಗಿ ಬಿದ್ದಿದ್ರೆ ಶುಕ್ರವಾರ ಎಲ್ಲಾರ್ಗಿಂತ ಮೊದ್ಲು ಬತ್ತೀನಿ. ನೀನು ಬೀಳ್ಸಿದ್ರೆ, ಬ್ಯಾಡ ಅಂದವನ ಮನೆ ಮಗಳ ಕೆನ್ನೆ ನಾನು ಹೆಂಗೆ ಮುಟ್ಲಿ ಹೇಳು?"

ಉಮಾಶಂಕರನೊಳಗೆ ಏನೋ ಹಗುರಾಯಿತು. ಕೇಳಿದ್ದು ಸಾಫ್ಟ್‌ವೇರಿನ ಪ್ರಶ್ನೆ. ಅದಕ್ಕೆ ಅವನಲ್ಲಿ ಉತ್ತರವಿತ್ತು. "ಅಯ್ಯೋ, ನಾನ್ಯಾಕಕ್ಕ ಬೀಳಿಸ್ಲಿ! ಚೌಕ ತುಂಬ್ಬಿಟ್ಟಿತ್ತು. ಹಿಂಗೆ ಒಂದು ಡಬ್ಬ ಅಂದ್ಕೋ. ಇನ್ನೂ ತುಂಬಿದ್ರೆ ಮಿಕ್ಕಿದ್ದು ಆಚೆ ಕಾಣಲ್ಲ, ಒಳಗೇ ಉಳ್ಕೊಳುತ್ತೆ. ಹೋಗಿರಲ್ಲ. ಇರುತ್ತೆ. ಕಾಣಲ್ಲ ಅಷ್ಟೆ. ಇಡೀ ಕರ್ನಾಟಕದಲ್ಲಿ ಈ ರೋಗ ನಂಗೊಬ್ಬನಿಗೇ ಗೊತ್ತು." ಕೊನೆಯ ಮಾತು ತಾನಾಗಿ ಜಾರಿಬಿತ್ತು.

"ಒಳಗೆ ಐತಾ?"

"ಐತೆ."

"ಅಂಗಾದ್ರೆ ಈಚೆ ತೆಗ್ದು ತೋರ್ಸು."

ಅವಳು ಬಂದು ಅವನ ಕುರ್ಚಿಯ ಹಿಂದೆ ನಿಂತಳು. ಅವಳ ಮೈಯಿಂದ ಹಿಂಡಿಯ, ಬಸ್ಸಿನ, ಎಲೆಅಡಿಕೆಯ ವಾಸನೆ ಬಂತು. ಮಗ್ಗಗಳು ಬಡಿಯುತ್ತಿದ್ದವು. ಕರೆಂಟು ಹೋದರೆ ಸಾಕು ಎಂದು ಅವನು ಬೇಡಿಕೊಂಡ. ದಿನಕ್ಕೆ ಹತ್ತು ಸಲ ಹೋಗುವ ಕರೆಂಟು ಹೋಗಲಿಲ್ಲ. ಮದುವೆಯ ಫೈಲು ತೆರೆದ. ಗಣಪತಿ, ಮುಹೂರ್ತ, ಕೀರ್ತನಳ ಹೆಸರು, ಎಲ್ಲವನ್ನೂ ಬೇಗ ಬೇಗ ದಾಟಿಸಿ ಹೆಸರುಗಳ ಚೌಕವನ್ನು ಪರದೆ ತುಂಬ ದೊಡ್ಡದು ಮಾಡಿದ. ಚೌಕದ ಕೆಳಗಂಚು ಸ್ವಚ್ಛವಾಗಿತ್ತು. ಕೆಂಪು ಗುರುತು ಇರಲಿಲ್ಲ. ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಹಿಡಿದು ಕೆಳಕ್ಕೆ ಎಳೆದ. ಖಾಲಿ ಬಂತು. ಇನ್ನಷ್ಟು ಎಳೆದ. ಬಿಳುಪು, ಅದರ ಕೆಳಗೆ ಇನ್ನಷ್ಟು ಬಿಳುಪು. ಏನೋ ಇದೆ ಎಂದು ಎಷ್ಟು ದಿನದಿಂದ ಹೇಳಿಕೊಂಡಿದ್ದನೆಂದರೆ, ಒಂದು ಗಳಿಗೆ ಅವನೇ ಬಾಗಿ ಹುಡುಕಿದ.

"ಏನೂ ಬರ್ಲಿಲ್ವಲ್ಲಾ."

"ಸೇವ್ ಮಾಡೋವಾಗ ಒಂದೊಂದ್ಸಲ ಹೊರಟೋಗುತ್ತೆ ಅಕ್ಕ. ವೈರಸ್ಸು ಅಂತ..." ಎನ್ನುತ್ತಲೇ ಅವನ ಎಡಗೈ ಏನು ಮಾಡುತ್ತಿದೆಯೆಂದು ಅವನಿಗೆ ತಿಳಿಯಲಿಲ್ಲ. ಏನನ್ನಾದರೂ ಎಳೆದ ಮೇಲೆ ಇಡೀ ಹಾಳೆ ಹೇಗೆ ಕಾಣುತ್ತದೆಂದು ನೋಡಲು ಎರಡು ಕೀಲಿ ಒಟ್ಟಿಗೆ ಒತ್ತುವುದು ಆ ಕೈಯ ಅಭ್ಯಾಸ. ಅನ್ನಕ್ಕೆ ಕೈಹಾಕುವ ಮುಂಚೆ ತಟ್ಟೆಯ ಸುತ್ತ ನೀರು ತಿರುಗಿಸುವ ಹಾಗೆ. ಕೈ ಒತ್ತಿಬಿಟ್ಟಿತು. ಪತ್ರಿಕೆ ಸರ್ರನೆ ಚಿಕ್ಕದಾಗಿ ಪರದೆಯ ನಡುವೆ ನಿಂತಿತು, ಅದರ ಸುತ್ತ, ಅಚ್ಚಿಗೆ ಹೋಗದ ಖಾಲಿ ಜಾಗದಲ್ಲಿ, ಬೇಡವೆಂದು ಬಿಟ್ಟ ಒಂದು ದೀಪದ ಕಂಬ, ಸೊಂಡಿಲು ಬಲಕ್ಕಿದ್ದ ಇನ್ನೊಂದು ಗಣಪತಿ. ಮತ್ತು ಎಡಗಡೆ, ಪುಟದ ಅಂಚಿನಿಂದ ಎರಡು ಬೆರಳಿನಷ್ಟು ಆಚೆ, ಒಂದೇ ಒಂದು ಸಾಲು.

ಪಾಪಕ್ಕ ಅವನ ಭುಜದ ಮೇಲಿನಿಂದ ಕೈಚಾಚಿ ಪರದೆಯ ಮೇಲೆ ಬೆರಳಿಟ್ಟಳು. ಜಡ್ಡು ಕಟ್ಟಿದ ಹೆಬ್ಬೆರಳು ಅವನ ಕೆನ್ನೆಯ ಪಕ್ಕವೇ ಇತ್ತು.

"ಇದು ನಂದು," ಎಂದಳು. "ಪಕ್ಕದಾಗಿರೋದು ನಿಮ್ ಭಾವುಂದಿರ್ಬೇಕು. ಇದ್ಯಾಕ್ಲಾ ಆಚೆ ಬಿದ್ದೈತೆ?"

ಸಾಲುಗಳನ್ನು ಬಿಗಿ ಮಾಡಬಹುದಿತ್ತು. ಅಕ್ಷರ ಅರ್ಧ ಪಾಯಿಂಟ್ ಇಳಿಸಬಹುದಿತ್ತು. ಬಳ್ಳಿ ಕೀಳಬಹುದಿತ್ತು. ಆ ಮಧ್ಯಾಹ್ನ ಅವನು ಮೊದಲ ಸಾಲನ್ನು ಹಿಡಿದ, ಹಜಾರದ ನಗು ಇನ್ನೊಮ್ಮೆ ಕಿವಿಯಲ್ಲಿ ಆಯಿತು, ಕೀರ್ತನ ಸೆರಗು ಒತ್ತಿಕೊಂಡಳು, ಕೈ ಎಡಕ್ಕೆ ಸರಿಯಿತು. ಅಷ್ಟು ಸುಲಭವಾಗಿ ಜೀವನದಲ್ಲಿ ಅವನು ಏನನ್ನೂ ಮಾಡಿರಲಿಲ್ಲ.

"ಅಳಿಸಾಕೆ ಹೋದೆ, ಕೈ ಬರ್ಲಿಲ್ಲ, ಅಲ್ವೇನ್ಲಾ?" ಪಾಪಕ್ಕನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ನನ್ ಮ್ಯಾಲೆ ಸಿಟ್ಟು ಬಂದಿತ್ತು, ಅವತ್ತು ನಗಿಸ್ಬುಟ್ನಲ್ಲ ಅಂತ. ತೆಗೀಬೇಕು ಅಂದ್ಕಂಡೆ, ತೆಗಿಯಾಕೆ ಆಗ್ಲಿಲ್ಲ, ಪಕ್ಕಕ್ಕೆ ಇಟ್ಟೆ. ಆಮ್ಯಾಕೆ ಸೇರ್ಸಾದು ಮರ್ತೆ. ಅಂಗೇ ಅಲ್ವಾ? ಅಂಗೇ ಅನ್ನು."

ಇಡೀ ಜೀವನ ಅವನು ಕಟ್ಟಿದ್ದ ಸುಳ್ಳುಗಳಲ್ಲಿ ಇಷ್ಟು ಚೆನ್ನಾದದ್ದು ಒಂದೂ ಇರಲಿಲ್ಲ. ಅದನ್ನು ಅವಳೇ ಕಟ್ಟಿ, ಅಂಚು ಸರಿಮಾಡಿ, ಬಾಯಿಗೆ ಹಿಡಿದಿದ್ದಳು. ಹೂಂ ಅಂದರೆ ಮುಗಿಯಿತು. ಶುಕ್ರವಾರ ಅವಳು ಮೊದಲ ಬಸ್ಸಿಗೆ ಬರುತ್ತಾಳೆ, ಕೀರ್ತನಳ ಕೆನ್ನೆಗೆ ಆ ಹೆಬ್ಬೆರಳು ತಾಗುತ್ತದೆ, ಅನಸೂಯ ತಲೆಯೆತ್ತುತ್ತಾಳೆ. ಒಂದು ವರ್ಷ ಕಳೆದರೆ ಇದೇ ಅಂಗಡಿಯಲ್ಲಿ ಇದನ್ನೂ ಅವನು ಹೇಳುತ್ತಾನೆ, ಅಕ್ಕನ ಹೆಸರು ಅಳಿಸಲಾಗದೆ ಮೌಸೇ ಅತ್ತುಬಿಟ್ಟಿತು ಎಂದು. ಜನ ನಗುತ್ತಾರೆ. ಹೂಂ ಎನ್ನಲು ಬಾಯಿ ತೆರೆದ. ಅವಳ ಬೆರಳು ಇನ್ನೂ ಪರದೆಯ ಮೇಲೆ, ತನ್ನ ಹೆಸರಿನ ಕೆಳಗೆ ಇತ್ತು, ಅವತ್ತು ವರಲಕ್ಷ್ಮಮ್ಮನ ಹೆಸರಿನ ಮೇಲೆ ಅವನು ಇರಿಸಿದ ಹಾಗೆಯೇ. ಇನ್ನೊಂದು ಸಲ ಆ ಬೆರಳನ್ನು ಹಿಡಿದು ಸುಳ್ಳು ಸಾಲಿನ ಮೇಲೆ ಇರಿಸಲು ಅವನಲ್ಲಿ ಏನೂ ಉಳಿದಿರಲಿಲ್ಲ. ಧೈರ್ಯ ಬಂದಿತೆಂದಲ್ಲ. ಸುಸ್ತಾಗಿತ್ತು.

"ಇಲ್ಲ ಅಕ್ಕ," ಎಂದ. "ಅಳ್ಸೋಕೆ ಕೈ ಬರ್ತಿತ್ತು. ಯಾರಾದ್ರೂ ಕೇಳಿದ್ರೆ, ನೋಡಿ ಇಲ್ಲೇ ಐತೆ, ಜಾರಿ ಆಚೆ ಬಿದ್ದೈತೆ ಅಂತ ತೋರಿಸ್ಬೋದು ಅಂತ ಇಟ್ಕೊಂಡೆ. ಸಾಫ್ಟ್‌ವೇರ್ ಏನೂ ನುಂಗಿಲ್ಲ. ಮರ್ತೂ ಇಲ್ಲ. ಅಚ್ಚಿಗೆ ಕಳ್ಸೋ ಮುಂಚೆ ಒಂದ್ಸಲ ನೋಡ್ದೆ. ನೋಡಿ ಕಳಿಸ್ದೆ."

ಪಾಪಕ್ಕ ಬೆರಳು ತೆಗೆದಳು. ಪರದೆಯ ದೂಳಿನಲ್ಲಿ ಅದರ ಗುರುತು ಉಳಿಯಿತು. ಅವಳು ಪತ್ರಿಕೆಯನ್ನು ಕವರಿಗೆ ಹಾಕಿಕೊಳ್ಳಲಿಲ್ಲ, ಬಾಗಿಲಿಗೆ ಹೋಗಿ ಒಂದೊಂದೇ ಚಪ್ಪಲಿಯನ್ನು ಕಾಲಿನಿಂದ ಹುಡುಕಿ ಮೆಟ್ಟಿಕೊಂಡಳು. ಶುಕ್ರವಾರದ ಮಾತನ್ನು ಅವಳು ಆಡಲಿಲ್ಲ, ಅವನು ಕೇಳಲಿಲ್ಲ. ಹೊಸ್ತಿಲಲ್ಲಿ ಅವಳು ಒಮ್ಮೆ ನಿಂತಳು, ಬಿಸಿಲಿಗೋ ಏನೋ.

"ಬೆಟ್ಟಾನೂ ಸರಿಸಿಲ್ಲ ಅಕ್ಕ," ಎಂದ ಉಮಾಶಂಕರ್, ಅವಳ ಬೆನ್ನಿಗೆ. "ಅದು ಇದ್ದಲ್ಲೇ ಐತೆ. ನಾನು ಸರಿಸಿರೋದು ಇದೊಂದೇ."